ಅಳತೆಯಕ್ಕ ಕಟ್ಟೆ ಇಳಿದದ್ದು

ನಮ್ಮಕ್ಕನ ವಿಷಯ ಹೇಳಬೇಕೆಂದರೆ ಅವಳ ಒಂದು ಮಾತಿನಿಂದಲೇ ಶುರು ಮಾಡಬೇಕು. "ಅಳತೆ ಹೇಳಿ." ಗಿರಾಕಿ ಇನ್ನೂ ಬಾಗಿಲು ದಾಟಿರುವುದಿಲ್ಲ, ಆಗಲೇ ಅಳತೆ ಹೇಳಿ. ಯಾರಾದರೂ "ನಮ್ಮ ಹುಡುಗ ತುಂಬಾ ಬೆಳೆದುಬಿಟ್ಟಿದ್ದಾನೆ" ಎಂದು ಹೆಮ್ಮೆಯಿಂದ ಹೇಳಿದರೆ, ಇವಳು ಮೆಚ್ಚಿ ನಗುವುದು ಬಿಟ್ಟು "ತುಂಬಾ ಅಂದ್ರೆ ಎಷ್ಟು?" ಎನ್ನುತ್ತಿದ್ದಳು. ನನಗೆ ಜ್ವರ, ಅಂಗಡಿಗೆ ಬರಲಾಗುವುದಿಲ್ಲ ಎಂದು ಫೋನ್ ಮಾಡಿದಾಗಲೂ "ಎಷ್ಟಿದೆ, ನೋಡಿ ಹೇಳು" ಎಂದವಳು. ನಾನು ಅವಳ ತಂಗಿ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಬಾಯಿ ಮಾತ್ರ ಅವಳಿಗಿಂತ ದೊಡ್ಡದು. ಅದಕ್ಕೇ ಇದನ್ನು ಅವಳು ಹೇಳದೆ ನಾನು ಹೇಳುತ್ತಿದ್ದೇನೆ.

ನಮ್ಮದು ರೈಲಿನ ಡಬ್ಬಿಯಂತೆ ಉದ್ದಕ್ಕಿರುವ ಒಂದೇ ಕೋಣೆಯ ಅಂಗಡಿ. ಮುಂಭಾಗದಲ್ಲಿ ಅಕ್ಕನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು. ಹಿಂಭಾಗದಲ್ಲಿ ಭಾವನ ಬಣ್ಣದ ಡಬ್ಬಿಗಳು, ಏಣಿ, ಅರ್ಧ ಬರೆದ ಬೋರ್ಡುಗಳು. ಭಾವ ಅಂಗಡಿಗಳಿಗೆ ನಾಮಫಲಕ ಬರೆಯುವವರು. ಬಣ್ಣದ ವಾಸನೆ ಗಿರಾಕಿಗಳ ಬಟ್ಟೆಗೆ ಹತ್ತುತ್ತದೆ ಎಂದು ಗಂಡ ಹೆಂಡತಿ ವಾರಕ್ಕೊಮ್ಮೆ ಜಗಳವಾಡಿ, ಕೊನೆಗೆ ನಡುವೆ ಒಂದು ಪರದೆ ಎಳೆದುಕೊಂಡಿದ್ದರು. ಪರದೆಯ ಪಕ್ಕದ ಸ್ಟೂಲು ನನ್ನದು. ಕಾಜಾ, ಗುಂಡಿ, ಹುಕ್ಕು, ಅಂಚು ಮಡಚುವುದು, ಎಲ್ಲ ಕೈಕೆಲಸ ನನ್ನ ಪಾಲಿಗೆ. ಭಾವ ನನ್ನನ್ನು "ಗುಂಡಿ" ಎಂದೇ ಕರೆಯುವುದು. ಆಗ ನಗು ಬರುತ್ತಿತ್ತು.

ಅಕ್ಕನ ಕೈ ಎಲ್ಲರಂಥದ್ದಲ್ಲ. ನೆಟ್ಟಗಿರುವ ಮೈಗೆ ಯಾರು ಬೇಕಾದರೂ ಹೊಲಿಯುತ್ತಾರೆ. ಒಂದು ಭುಜ ಇಳಿದವರಿಗೆ, ಬೆನ್ನು ಬಾಗಿದವರಿಗೆ, ಒಂದು ತೋಳು ಗಿಡ್ಡವಿರುವವರಿಗೆ ಹೊಲಿಯುವುದು ಬೇರೆ ವಿದ್ಯೆ. ಅಂಥವರ ಅಳತೆ ತೆಗೆದು ಅಕ್ಕ ಮೊದಲು ಕಾಗದದ ಮೇಲೆ ಕಟಿಂಗ್ ಮಾಡುತ್ತಿದ್ದಳು. ಬಲಗಡೆಗೆ ಒಂದು ಕಾಗದ, ಎಡಗಡೆಗೆ ಇನ್ನೊಂದು. ಅದನ್ನಿಟ್ಟು ಕತ್ತರಿಸಿ ಹೊಲಿದರೆ ಭುಜ ಇಳಿದಿದೆ ಎಂದು ನೋಡಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ದರ್ಜಿ ಮುಂದೆ ನಿಂತು ಮೈ ತೋರಿಸಲು ನಾಚುವವರು ಎಷ್ಟೋ ಜನ ಇರುತ್ತಾರೆ, ಅವರೆಲ್ಲ ಮನೆಯಲ್ಲೇ ಹೊಲಿದುಕೊಳ್ಳುವಂತೆ ಈ ಪೇಪರ್ ಕಟಿಂಗ್‌ಗಳು ದೂರದೂರಕ್ಕೆ ಹೋಗಬೇಕು ಎನ್ನುವುದು ಅವಳ ಆಸೆ. ಜೀವನದಲ್ಲಿ ಅವಳು ಆಸೆಪಟ್ಟದ್ದು ನಾನು ಕಂಡಂತೆ ಇದೊಂದನ್ನೇ.

ಆಸೆಗೆ ದಾರಿ ಕಂಡದ್ದು ಫೋನಿನಲ್ಲಿ. ಮನೆಯಲ್ಲಿ ಹೊಲಿಯುವವರೆಲ್ಲ ಸೇರಿ ಹರಟುವ ಒಂದು ದೊಡ್ಡ ಗುಂಪು, ಹೆಸರು "ಹೊಲಿಗೆ ಕಟ್ಟೆ". ನೂಲು ಯಾಕೆ ತುಂಡಾಗುತ್ತೆ, ಕಾಲರ್ ಯಾಕೆ ಏಳುತ್ತೆ, ಸೊಸೆಯ ಕೋಟನ್ನು ಅತ್ತೆಗೆ ಹೇಗೆ ಹಿಡಿಸುವುದು, ಬೆಳಗಿನಿಂದ ಇದೇ ಮಾತು. ಅಲ್ಲಿ ಒಂದು ಕಟ್ಟಳೆಯಿತ್ತು. ಕೇಳದೆ ಮಾರುವಂತಿಲ್ಲ. ನಿನ್ನ ಕೈಕೆಲಸ ನೋಡಿ, ನಿನ್ನ ನಂಟೂ ಪರಿಚಯವೂ ಇಲ್ಲದ ಒಬ್ಬರು ಎಲ್ಲರೆದುರು "ಇದನ್ನು ಮಾರುತ್ತೀಯಾ?" ಎಂದು ತಾವಾಗಿ ಕೇಳಬೇಕು. ಆಮೇಲೆ ನೀನು ಬಾಯಿ ಬಿಡಬಹುದು. ಮನೆಯವರನ್ನೋ ಗೆಳತಿಯರನ್ನೋ ಕರೆತಂದು ಹೊಗಳಿಸಿಕೊಂಡರೆ ಮುಲಾಜಿಲ್ಲದೆ ಹೊರಗೆ. ಇದನ್ನು ಕಾಯುತ್ತಿದ್ದವರು ಎಲ್ಲರೂ "ಹಿರಿಯಮ್ಮ" ಎನ್ನುತ್ತಿದ್ದ, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾಗಿದ್ದ ಹೆಂಗಸು.

ನನಗೆ ಮೊದಲ ದಿನವೇ ತಲೆ ಕೆಟ್ಟಿತು. "ಅಲ್ಲ ಕಣೇ, ಅಂಗಡಿ ಇಟ್ಕೊಂಡು ಬಾಯಿ ಮುಚ್ಕೊಂಡು ಕೂರು ಅಂದ್ರೆ ಯಾವ ಸೀಮೆ ನ್ಯಾಯ?" ಎಂದೆ. ಅಕ್ಕನಿಗೆ ಅದೇ ಹಿಡಿಸಿತ್ತು. "ಕೂಗಿ ಮಾರೋರು ಬೀದಿ ತುಂಬಾ ಇದ್ದಾರೆ. ಇಲ್ಲಿ ಯಾರಾದ್ರೂ ಕೇಳಿದ್ರೆ ಅದು ನಿಜವಾಗ್ಲೂ ಕೇಳಿದ ಹಾಗೆ" ಎಂದಳು.

ಅವತ್ತಿನಿಂದ ಅವಳು ಕಟ್ಟೆಗೆ ದುಡಿದದ್ದನ್ನು ಸ್ವಂತ ಅಂಗಡಿಗೂ ದುಡಿದಿರಲಿಲ್ಲ. ಯಾರು ಏನು ಕೇಳಲಿ, ಮೊದಲು "ಅಳತೆ ಹೇಳಿ", ಆಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಚಿತ್ರ ಬರೆದು, ಫೋಟೋ ತೆಗೆದು, ಎಲ್ಲಿ ತಪ್ಪಿದೆ, ಎಲ್ಲಿ ಬಿಚ್ಚಬೇಕು, ಎಲ್ಲ ಬಿಡಿಸಿ ಹೇಳುತ್ತಿದ್ದಳು. ಹೊಲಿಗೆ ಬಿಚ್ಚಲು ಬೇಜಾರು ಪಡುವವರನ್ನು ಗದರುತ್ತಲೂ ಇದ್ದಳು. ಅಂಗಡಿಯ ಹೆಸರಿರಲಿ, ತಾನು ದರ್ಜಿ ಎಂದೂ ಹೇಳಿಕೊಳ್ಳಲಿಲ್ಲ. ಬರಬರುತ್ತಾ ಯಾರಿಗಾದರೂ ತೋಳು ಕೂರದಿದ್ದರೆ ನಾಲ್ಕು ಜನ ಒಟ್ಟಿಗೇ "ಅಳತೆಯಕ್ಕನ್ನ ಕರೀರಿ" ಎನ್ನತೊಡಗಿದರು. ಆ ಹೆಸರು ಅಲ್ಲೇ ಹುಟ್ಟಿದ್ದು. ಅದನ್ನು ಓದಿದ ದಿನ ಅಕ್ಕ ಅಂಗಡಿಯ ಕನ್ನಡಿಯಲ್ಲಿ ಎರಡೆರಡು ಸಲ ಮುಖ ನೋಡಿಕೊಂಡಳು.

ಆದರೆ ಮಾರುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ವರ್ಷಗಳೇ ಉರುಳಿದವು. ಎಲ್ಲವನ್ನೂ ಬಿಟ್ಟಿಯಾಗಿ ಕೊಡುತ್ತಿದ್ದರೆ ಯಾರು ಕೇಳುತ್ತಾರೆ? ಜನ ಬರುತ್ತಿದ್ದರು, ಕೈಮುಗಿದ ಚಿತ್ರ ಹಾಕಿ ಹೋಗುತ್ತಿದ್ದರು. ಅಕ್ಕ ಬೆಳಿಗ್ಗೆ ಬಂದವಳೇ ಯಂತ್ರಕ್ಕೆ ಎಣ್ಣೆ ಬಿಡುವ ಮುಂಚೆ ಫೋನು ನೋಡುವುದು, ನೋಡಿ ಮಗುಚಿಡುವುದು. ಪರದೆಯ ಹಿಂದಿನಿಂದ ಭಾವ ಅದನ್ನು ಗಮನಿಸುತ್ತಿದ್ದರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆ ದಿನಗಳಲ್ಲೇ ಕಟ್ಟೆಯಲ್ಲಿ ಚೀಲ ಹೊಲಿಯುವವಳೊಬ್ಬಳು ತನ್ನ ತಮ್ಮಂದಿರಿಂದ ಹೊಗಳಿಸಿಕೊಂಡು ಸಿಕ್ಕಿಬಿದ್ದಳು. ಎಲ್ಲರಿಗಿಂತ ಖಾರವಾಗಿ ಬರೆದವಳು ನಮ್ಮಕ್ಕ. "ಮನೆಯವರ ಚಪ್ಪಾಳೆ ಮನೆಯಲ್ಲೇ ಇರಲಿ" ಎಂದು ಬರೆದಿದ್ದಳು.

ಅದಾದ ಸ್ವಲ್ಪ ದಿನಕ್ಕೆ "ಪುಟ್ಟಿಯಮ್ಮ" ಬಂದಳು.

ಹೆಂಗಸೊಬ್ಬಳು, ಹೊಸಬಳು. ತನ್ನ ಮಗಳಿಗೆ ಎಡಭುಜ ಇಳಿದಿದೆ, ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ, ಹೊಸ ಫ್ರಾಕ್ ಹಾಕಿಕೊಳ್ಳಲು ಒಲ್ಲೆ ಎನ್ನುತ್ತಾಳೆ, ಏನು ಮಾಡಲಿ ಎಂದು ಬರೆದಿದ್ದಳು. ಅಕ್ಕ "ಅಳತೆ ಹೇಳಿ" ಎಂದಳು. ಕುತ್ತಿಗೆ ಹತ್ತು ಇಂಚು, ಭುಜ ಹತ್ತು, ಸೊಂಟ ಇಪ್ಪತ್ತು, ಉದ್ದ ಮೂವತ್ತು ಎಂದು ಉತ್ತರ ಬಂತು. "ಮನೇಲಿ ಅಳತೆ ತೆಗೆಯೋರು ಹೀಗೇ, ಎಲ್ಲಾನೂ ದುಂಡು ಮಾಡಿ ಹೇಳ್ತಾರೆ" ಎಂದು ಅಕ್ಕ ನಕ್ಕಳು. ಆದರೂ ಆ ಮಗುವಿಗಾಗಿ ಅವಳು ಕಾಗದ ಕತ್ತರಿಸಿದ ರೀತಿ ನೋಡಬೇಕಿತ್ತು. ಊಟ ಮರೆತಳು. ಕತ್ತರಿಸಿ, ಹರಿದು, ಮತ್ತೆ ಕತ್ತರಿಸಿ, ಕೊನೆಗೆ ಎಡಭುಜದ ಇಳುಕಲನ್ನು ಕತ್ತಿನ ಪಟ್ಟಿಯೊಳಗೇ ಅಡಗಿಸುವ ಒಂದು ಉಪಾಯ ಹುಡುಕಿದಳು. ಇಷ್ಟು ವರ್ಷದಲ್ಲಿ ಅಂಥ ಕೆಲಸವನ್ನು ಅವಳು ಮಾಡಿರಲಿಲ್ಲ.

ಫ್ರಾಕನ್ನು ತಾನೇ ಹೊಲಿದು ಕಳಿಸುತ್ತೇನೆಂದರೆ ಪುಟ್ಟಿಯಮ್ಮ ಬೇಡವೆಂದಳು, ನಾನೇ ಹೊಲಿದು ಕಲಿಯಬೇಕು ಎಂದಳು. ಮಗುವಿನ ಫೋಟೋ ಕೇಳಿದರೆ ಅವರ ಮನೆಯವರಿಗೆ ಅದೆಲ್ಲ ಆಗುವುದಿಲ್ಲವಂತೆ. ಸರಿ ಬಿಡು, ಎಷ್ಟೋ ಮನೆಯಲ್ಲಿ ಹಾಗೇ. ಇಬ್ಬರೂ ಕಟ್ಟೆಯ ಹೊರಗೆ, ತಮ್ಮ ತಮ್ಮಲ್ಲೇ ಮೆಸೇಜು ಮಾಡಿಕೊಳ್ಳತೊಡಗಿದರು. ಅಕ್ಕನಿಗೆ ಮಕ್ಕಳಿಲ್ಲ. ಪುಟ್ಟಿ ಇವತ್ತು ಏನು ಅಂದಳು, ಫ್ರಾಕ್ ಹಾಕಿಕೊಂಡು ಹೋದಳಾ, ಯಾರಾದರೂ ಆಡಿಕೊಂಡರಾ ಎಂದು ಇವಳು ಕೇಳುವುದು, ಅಲ್ಲಿಂದ ಚೆಂದಚೆಂದದ ಉತ್ತರ ಬರುವುದು. ನನ್ನ ಹತ್ತಿರವೂ ಹೇಳದ್ದನ್ನೆಲ್ಲ ಆ ಹೆಂಗಸಿಗೆ ಬರೆಯುತ್ತಿದ್ದಳು. ಒಂದು ಸಲ ನನಗೇ ಓದಿ ತೋರಿಸಿದಳು: "ನಮ್ಮನೆಯವರು ಒಳ್ಳೆಯವರೇ. ಆದರೆ ನಾನು ಹೊಲಿದ ಒಂದು ಬಟ್ಟೆಯನ್ನೂ ಅವರು ಇಲ್ಲಿಯವರೆಗೆ ನೆಟ್ಟಗೆ ನೋಡಿಲ್ಲ."

ಮಾರನೆಯ ದಿನವೋ ಅದರ ಮಾರನೆಯ ದಿನವೋ, ಭಾವ ಪರದೆ ಸರಿಸಿ ಮುಂದೆ ಬಂದರು. ಅಂಗಡಿಯ ಗೊಂಬೆಗೆ ಅಕ್ಕ ಹೊಲಿದು ತೊಡಿಸಿದ್ದ ನೀಲಿ ಕೋಟಿನ ಮುಂದೆ ನಿಂತು "ಏನೇ ಇದು! ಈ ಕಾಲರ್ ಎಷ್ಟು ಚೆನ್ನಾಗಿ ಕೂತಿದೆ" ಎಂದರು. ಅಕ್ಕ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಳು. ಅವತ್ತಿಡೀ ಅವಳ ಮುಖದಲ್ಲಿ ಏನೋ ಒಂದು ಕಳೆ. ನಾನು ರೇಗಿಸಿದ್ದೇ ರೇಗಿಸಿದ್ದು. ಅಷ್ಟಾದ ಮೇಲೆ ಅವಳು ಮಾಡಿದ್ದೇನು? ಪುಟ್ಟಿಯಮ್ಮನಿಗೆ ಬರೆದಳು: "ಇವತ್ತು ಅವರು ನೋಡಿದರು."

ಕೊನೆಗೆ ಆ ದಿನವೂ ಬಂತು. ಕಟ್ಟೆಯಲ್ಲಿ ಎಲ್ಲರೆದುರು ಪುಟ್ಟಿಯಮ್ಮ ಕೇಳಿದಳು: "ಅಳತೆಯಕ್ಕ, ಈ ಪೇಪರ್ ಕಟಿಂಗ್‌ಗಳನ್ನು ಮಾಡಿ ಮಾರುತ್ತೀರಾ? ನನ್ನ ಮಗಳಂಥ ಮಕ್ಕಳು ಇನ್ನೂ ಎಷ್ಟೋ ಇದ್ದಾರೆ." ಹಿರಿಯಮ್ಮ ಅದರ ಕೆಳಗೆ "ಈ ಪ್ರಶ್ನೆಗೆ ನಾನೂ ಕಾಯುತ್ತಿದ್ದೆ. ಅಳತೆಯಕ್ಕ ತನ್ನ ಕೆಲಸ ತೋರಿಸಬಹುದು" ಎಂದು ಬರೆದರು. ಅಕ್ಕ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಭಾವ ಪೇಟೆಗೆ ಹೋಗಿ ಸಿಹಿ ತಂದರು. ನನ್ನ ಬಾಯಿಗೆ ಅವರೇ ಒಂದು ತುಂಡು ಹಾಕಿದರು. ಈಗ ನೆನೆದರೆ ಅದನ್ನು ಉಗುಳಬೇಕು ಅನ್ನಿಸುತ್ತದೆ. ಆಮೇಲೆ ಬೇಡಿಕೆ ಬಂದದ್ದು ನಿಜ. ನಾನು ಗುಂಡಿಯ ಕೆಲಸ ಬಿಟ್ಟು ಲಕೋಟೆಗೆ ವಿಳಾಸ ಬರೆಯುತ್ತಾ ಕೂರುವಷ್ಟು ಬಂತು.

ಹೀಗಿರುವಾಗ ಅಕ್ಕನಿಗೆ ಪುಟ್ಟಿಯದೇ ಚಿಂತೆ. ವರ್ಷವಾಯಿತು, ಮಗು ಬೆಳೆದಿರುತ್ತಾಳೆ, ಹಳೆಯ ಫ್ರಾಕ್ ಬಿಗಿಯಾಗಿರುತ್ತದೆ. ಹೊಸ ಅಳತೆ ಕಳಿಸು ಎಂದು ಒಂದೇ ಸಮನೆ ಪೀಡಿಸತೊಡಗಿದಳು. ಆ ಕಡೆಯಿಂದ ಇವತ್ತು ನಾಳೆ ಎನ್ನುತ್ತಾ ಕೊನೆಗೊಂದು ಮಧ್ಯಾಹ್ನ ಅಳತೆ ಬಂತು. ಭಾವ ಆಗ ತಾನೇ ಬಾಗಿಲ ಬಳಿ ಬೆಳಕಿಗೆ ಹಲ್ಲಿನ ಡಾಕ್ಟರ ಬೋರ್ಡನ್ನು ಒರಗಿಸಿಕೊಂಡು ಬರೆಯುತ್ತಿದ್ದರು. ಅಕ್ಕ ಸೀಮೆಸುಣ್ಣ ಹಿಡಿದು ಹಳೆಯ ಅಳತೆಯ ಪಕ್ಕ ಹೊಸದನ್ನು ಬರೆದುಕೊಳ್ಳುತ್ತಾ ಗಟ್ಟಿಯಾಗಿ ಓದಿದಳು. "ಕುತ್ತಿಗೆ ಹತ್ತಿತ್ತು, ಈಗ ಹನ್ನೊಂದು. ಭುಜ ಹತ್ತಿತ್ತು, ಹನ್ನೊಂದು. ಸೊಂಟ ಇಪ್ಪತ್ತಿತ್ತು, ಇಪ್ಪತ್ತೆರಡು. ಉದ್ದ ಮೂವತ್ತು..." ಅಲ್ಲಿಗೆ ನಿಲ್ಲಿಸಿದಳು.

"ಏನಾಯ್ತೇ?" ಎಂದೆ.

"ಮೂವತ್ಮೂರು" ಎಂದಳು. "ಮಕ್ಕಳು ಹೀಗೆ ಬೆಳೆಯಲ್ಲ. ಈ ವಯಸ್ಸಲ್ಲಿ ಉದ್ದ ಎಳ್ಕೊಂಡು ಹೋಗುತ್ತೆ, ಸೊಂಟ ಅಲ್ಲಾಡಲ್ಲ. ಕುತ್ತಿಗೆ ಅಂತೂ ಇಲ್ಲವೇ ಇಲ್ಲ. ಇದು ಯಾವುದೋ ಒಂದೇ ಲೆಕ್ಕದಲ್ಲಿ ಎಲ್ಲಾನೂ ದೊಡ್ಡದು ಮಾಡಿದ ಹಾಗಿದೆ."

ಆಮೇಲೆ ಅವಳು ಬಾಗಿಲ ಕಡೆ ನೋಡಿದಳು. ಬೋರ್ಡಿನ ಮೇಲೆ ಭಾವ ಎಳೆದಿದ್ದ ಚೌಕಗಳು ಒಣಗುತ್ತಿದ್ದವು. ಚಿಕ್ಕ ಚಿತ್ರದ ಮೇಲೆ ಚಿಕ್ಕ ಚೌಕ, ಬೋರ್ಡಿನ ಮೇಲೆ ದೊಡ್ಡ ಚೌಕ, ಒಂದೊಂದನ್ನೇ ನೋಡಿ ಹಿಗ್ಗಿಸಿ ಬರೆಯುವುದು ಅವರ ಕಸುಬಿನ ಕ್ರಮ.

"ರೀ" ಎಂದಳು, ತಣ್ಣಗೆ. "ಆ ಡಾಕ್ಟರ ಬೋರ್ಡು ಎಷ್ಟು ದೊಡ್ಡದು ಮಾಡ್ತಿದ್ದೀರಿ?"

"ಹಳೇ ಬೋರ್ಡಿನ ಹತ್ತಕ್ಕೆ ಇದು ಹನ್ನೊಂದು ಕಣೇ" ಎಂದರು ಭಾವ, ತಿರುಗದೆ. "ಗೋಡೆ ಸ್ವಲ್ಪ ಜಾಸ್ತಿ ಸಿಕ್ತಂತೆ ಅವರಿಗೆ."

"ಪುಟ್ಟಿನೂ ಹತ್ತಕ್ಕೆ ಹನ್ನೊಂದೇ ಬೆಳೆದಿದ್ದಾಳೆ ನೋಡಿ."

ಕುಂಚ ನಿಂತಿತು. ನನಗೆ ಇನ್ನೂ ಅರ್ಥವಾಗಿರಲಿಲ್ಲ, ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದೆ. ಭಾವ ತಿರುಗಿದಾಗ ಆ ಮುಖ ನೋಡಿ ಅರ್ಥವಾಯಿತು.

"ಪುಟ್ಟಿ ಎಲ್ಲಿ?" ಎಂದಳು ಅಕ್ಕ.

"ಇಲ್ಲ."

"ಇಲ್ಲ ಅಂದ್ರೆ?"

"ಯಾವ ಪುಟ್ಟಿನೂ ಇಲ್ಲ ಕಣೇ. ಇಲ್ಲೇ ತೂಗಾಕಿದ್ದ ಯಾವುದೋ ಫ್ರಾಕ್ ಅಳೆದು ಕಳಿಸಿದ್ದೆ. ನೀನು ದಿನಾ ಬೆಳಿಗ್ಗೆ ಆ ಫೋನ್ ನೋಡಿ ಮಗುಚಿ ಇಡ್ತಿದ್ಯಲ್ಲ, ನನ್ನ ಕೈಲಿ ನೋಡಕ್ಕಾಗ್ತಿರಲಿಲ್ಲ. ಒಂದೇ ಒಂದು ಸಲ ಕೇಳಿ ಬಿಟ್ಟುಬಿಡೋಣ ಅಂತಿದ್ದೆ. ನೀನು ಅಷ್ಟು ಹಚ್ಕೊಂಡೆ, ಹೇಗೆ ನಿಲ್ಲಿಸೋದು ಗೊತ್ತಾಗಲಿಲ್ಲ. ನಿನಗೋಸ್ಕರಾನೇ ಮಾಡಿದ್ದು."

ನಿನಗೋಸ್ಕರ! ನಂಬಿಸಿ ಕತ್ತು ಕೊಯ್ಯುವವರೆಲ್ಲ ಇದೇ ಮಾತು ಹೇಳುತ್ತಾರೆ. ಭಾವ ಎನ್ನುವ ಮರ್ಯಾದೆಗೆ ಇಷ್ಟು ಹೊತ್ತೂ ಅವರು ಇವರು ಎನ್ನುತ್ತಿದ್ದೇನೆ, ಮನಸ್ಸಿನಿಂದಲ್ಲ. ನಾನು ಬಾಯಿಗೆ ಬಂದದ್ದು ಅಂದೆ. ಅಕ್ಕ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಅವಳಿಗೆ ಬೇಕಿದ್ದುದು ಒಂದೇ ಉತ್ತರ.

"ನಾನು ನಿಮ್ಮ ಬಗ್ಗೆ ಅವಳಿಗೆ ಬರೆದಿದ್ದು?"

"ಓದಿದೆ."

"ಆ ನೀಲಿ ಕೋಟು ನೋಡಿ ಕಾಲರ್ ಚೆನ್ನಾಗಿ ಕೂತಿದೆ ಅಂದ್ರಲ್ಲ. ಅದು ನಿಮಗೇ ಅನ್ನಿಸಿ ಹೇಳಿದ್ರಾ, ಅದನ್ನ ಓದಿ ಬಂದು ಹೇಳಿದ್ರಾ?"

ಭಾವ ಕೈಯಲ್ಲಿದ್ದ ಕುಂಚವನ್ನು ಡಬ್ಬಿಗೆ ಹಾಕಿದರು. ಒಂದು ಸುಳ್ಳು ಹೇಳಬಾರದಿತ್ತೇ ಮಹಾನುಭಾವ! ವರ್ಷಪೂರ್ತಿ ನೀರು ಕುಡಿದ ಹಾಗೆ ಸುಳ್ಳು ಹೇಳಿದವರಿಗೆ ಆಗ ಒಂದೇ ಒಂದು ಹೊರಡಲಿಲ್ಲ. ಅಕ್ಕ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಪುಟ್ಟಿಯ ಹೊಸ ಫ್ರಾಕಿಗೆಂದು ಕೊಂಡಿದ್ದ ಹಳದಿ ಬಟ್ಟೆಯನ್ನು ಮಡಚಿ ಚೂರುಬಟ್ಟೆಗಳ ಚೀಲಕ್ಕೆ ತುರುಕಿದಳು. ಅವಳು ಅಳಲಿಲ್ಲ. ಇಲ್ಲದ ಮಗುವಿಗೆ ಹೇಗೆ ಅಳುವುದು?

ಆಮೇಲೆ ಶುರುವಾದದ್ದು ಇನ್ನೂ ಕೆಟ್ಟದ್ದು. ಫೋನು ಹಿಡಿದು ಭಾವನನ್ನು ಎದುರು ಕೂರಿಸಿಕೊಂಡು, ಕಟ್ಟೆಯಲ್ಲಿ ತನ್ನನ್ನು ಮೆಚ್ಚಿ ಬರೆದವರ ಮಾತನ್ನೆಲ್ಲ ಒಂದೊಂದಾಗಿ ಓದಿಸಿದಳು. "ಇದು ನೀವಾ?" "ಅಲ್ಲ." "ಇದು?" "ಅಲ್ಲ ಕಣೇ, ಪುಟ್ಟಿಯಮ್ಮ ಒಬ್ಬಳೇ ನಾನು." "ಕೋಟಿನ ತೋಳು ಸರಿಯಾಯ್ತು ಅಂತ ಬರೆದಿದ್ದಾರಲ್ಲ, ಈ ಅಜ್ಜಿ?" "ನನ್ನಾಣೆ ಅಲ್ಲ." ಕೇಳುತ್ತಾ ಹೋದಳು, ಅವರು ಅಲ್ಲ ಅಲ್ಲ ಎನ್ನುತ್ತಾ ಹೋದರು. ಒಂದನ್ನೂ ಅವಳು ನಂಬಲಿಲ್ಲ ಎನ್ನುವುದು ನನಗೆ ಕಾಣುತ್ತಿತ್ತು. ನಾಲ್ಕು ವರ್ಷ ಕೂತು ಗಳಿಸಿದ್ದ ಹೆಸರು, ಅದರಲ್ಲಿ ಯಾವುದು ತನ್ನದು, ಯಾವುದು ಗಂಡ ಬರೆದದ್ದು ಎಂದು ಆರಿಸಲು ಅವಳ ಕೈಯಲ್ಲಿ ಆಗಲಿಲ್ಲ.

ಕಟ್ಟೆಗೆ ಹೇಳಬೇಡ ಎಂದೆ ನಾನು. "ಹುಚ್ಚಿ, ಯಾರಿಗೂ ಗೊತ್ತಾಗಲ್ಲ. ಬೇಡಿಕೆ ಬರ್ತಿದೆ, ಬಾಯಿ ಮುಚ್ಕೊಂಡಿರು." ಅಕ್ಕ ಅವತ್ತೇ ಸಂಜೆ ಇದ್ದದ್ದು ಇದ್ದಂತೆ ಬರೆದು ಹಾಕಿದಳು. ಪುಟ್ಟಿಯಮ್ಮ ನನ್ನ ಗಂಡ, ನನಗೆ ಗೊತ್ತಿರಲಿಲ್ಲ, ತಪ್ಪಾಯಿತು. ಅಷ್ಟೇ.

ಅಬ್ಬಾ, ಆ ಜನ! ಯಾರ ಯಾರ ತೋಳು ಕೂರಿಸಲು ಇವಳು ಊಟ ಬಿಟ್ಟಿದ್ದಳೋ ಅವರೇ ಮುಂದೆ. ಗಂಡ ಹೆಂಡತಿ ಸೇರಿ ಒಳ್ಳೆ ನಾಟಕ ಆಡಿದಿರಿ ಎಂದರು. ಭುಜ ಇಳಿದ ಮಗುವಿನ ಹೆಸರಲ್ಲಿ ವ್ಯಾಪಾರ ಮಾಡಲು ಮನಸ್ಸಾದರೂ ಹೇಗೆ ಬಂತು ಎಂದರು. ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲವಂತೆ, ಕಿವಿ ಮೇಲೆ ಹೂವಿಡಬೇಡಿ ಎಂದರು. ಚೀಲ ಹೊಲಿಯುವವಳಿಗೆ ಇವಳು ಬರೆದಿದ್ದ ಮಾತನ್ನು ಹುಡುಕಿ ತಂದು ಇವಳ ಮುಖಕ್ಕೇ ಹಿಡಿದರು. ಪುಟ್ಟಿಯ ಕಥೆ ಓದಿ ಕಣ್ಣೀರು ಹಾಕಿದ್ದವರಿಗೆ ಸಿಟ್ಟು ಬರುವುದು ಸಹಜ, ಒಪ್ಪುತ್ತೇನೆ. ಆದರೆ ಎಲ್ಲರಿಗಿಂತ ಹೆಚ್ಚು ಮೋಸಹೋದವಳು ಅಲ್ಲಿ ಒಬ್ಬಳೇ ನಿಂತಿದ್ದಳು, ಅವಳಿಗೇ ಕಲ್ಲು ಹೊಡೆದರು. ಹಿರಿಯಮ್ಮ ಬೇರೆಯಾಗಿ ಒಂದು ಸಾಲು ಕಳಿಸಿದರು: "ನಿನ್ನನ್ನು ನಾನು ನಂಬುತ್ತೇನಮ್ಮ, ಆದರೆ ಕಟ್ಟಳೆ ಎಲ್ಲರಿಗೂ ಒಂದೇ." ನಂಬುತ್ತಾರಂತೆ! ಆ ಮಾತನ್ನು ಎಲ್ಲರೆದುರು ಬರೆಯಲು ಏನಾಗಿತ್ತು ಆ ಯಮ್ಮನಿಗೆ? ಮಾರನೆಯ ದಿನ ಬೆಳಿಗ್ಗೆ ಅಕ್ಕ ಫೋನು ತೆಗೆದರೆ ಕಟ್ಟೆ ತೆರೆಯಲಿಲ್ಲ.

ಭಾವ ಮನೆಯಲ್ಲೇ ಇದ್ದಾರೆ, ಎಲ್ಲಿ ಹೋಗುತ್ತಾರೆ. ಅಡುಗೆಗೆ ಕೈ ಹಾಕುತ್ತಾರೆ, ಅಂಗಡಿ ಗುಡಿಸುತ್ತಾರೆ, ಅಕ್ಕ ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಜಗಳವಿಲ್ಲ. ಜಗಳವಿದ್ದರೆ ವಾಸಿಯಿತ್ತು. ಅವರು ಈಗ ನಿಜವಾಗಿಯೇ ಅವಳು ಹೊಲಿದದ್ದನ್ನು ನಿಂತು ನೋಡುತ್ತಾರೆ, ಏನಾದರೂ ಹೇಳಲು ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಅಕ್ಕ ಅಂಗಡಿಯ ಕೆಲಸ ಮಾತ್ರ ಮಾಡುತ್ತಾಳೆ. ಕಾಗದ ಕತ್ತರಿಸುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಒಬ್ಬ ಹೆಂಗಸು ಹುಡುಗಿಯ ಕೈಹಿಡಿದು ಬಂದಳು. ಬಸ್ಸಿನಲ್ಲಿ ದೂರದಿಂದ ಬಂದಿದ್ದರು, ಇಬ್ಬರ ಮುಖವೂ ಬಾಡಿತ್ತು. "ಅಳತೆಯಕ್ಕ ಅನ್ನೋರು ನೀವೇನಾ? ಲಕೋಟೆ ಮೇಲೆ ಈ ಅಂಗಡಿ ವಿಳಾಸ ಇತ್ತು" ಎಂದಳು. ಹುಡುಗಿಗೆ ಬಲಭುಜ ಇಳಿದಿತ್ತು. ನಾನು ಪಕ್ಕದಲ್ಲೇ ಕೂತಿದ್ದೆನಾದ್ದರಿಂದ ಕಂಡಿತು, ಎದುರಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. ಮೈಮೇಲಿದ್ದದ್ದು ಅಕ್ಕನ ಕಾಗದವಿಟ್ಟು ಕತ್ತರಿಸಿದ ಫ್ರಾಕು. ಕತ್ತಿನ ಪಟ್ಟಿ ಒಂದು ನೂಲೂ ಆಚೀಚೆ ಇಲ್ಲದೆ ಕೂತಿತ್ತು.

"ಇವಳು ಹುಟ್ಟಿದಾಗಿನಿಂದ ಕನ್ನಡಿ ಮುಂದೆ ನಿಂತವಳೇ ಅಲ್ಲ ಅಕ್ಕಾ. ಈಗ ನೋಡಿ, ಕನ್ನಡಿ ಬಿಟ್ಟು ಬರಲ್ಲ" ಎಂದು ಆ ತಾಯಿ ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ನಿಮಗೆ ಒಂದು ಸಲ ತೋರಿಸಲೇಬೇಕು ಅಂತ ಕರ್ಕೊಂಡು ಬಂದೆ."

ನನ್ನ ಕಣ್ಣು ತುಂಬಿತು. ಬಂತಲ್ಲ, ಕೊನೆಗೂ ಒಂದು ನಿಜ ಬಂತಲ್ಲ ಎಂದುಕೊಂಡೆ.

ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು ಪರದೆಯ ಕಡೆ ತಿರುಗಿದಳು. "ರೀ, ಬನ್ನಿ ಇಲ್ಲಿ. ಇವರನ್ನ ಎಲ್ಲಿಂದ ಕರ್ಕೊಂಡು ಬಂದ್ರಿ?"

ಭಾವ ಬಂದರು. ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು. "ನನಗೆ ಗೊತ್ತಿಲ್ಲ ಕಣೇ. ನಿನ್ನಾಣೆ, ಇವರನ್ನ ಇವತ್ತೇ ನೋಡ್ತಿರೋದು" ಎಂದರು.

"ಅಕ್ಕಾ, ಬೇಡ" ಎಂದೆ ನಾನು.

ಅವಳು ಕೇಳಿಸಿಕೊಳ್ಳಲಿಲ್ಲ. ಆ ಹೆಂಗಸಿನ ಹತ್ತಿರ ಬಾಗಿ, ಸಿಟ್ಟಿಲ್ಲದೆ, ಗಿರಾಕಿಗಳ ಹತ್ತಿರ ಮಾತಾಡುವಷ್ಟೇ ಮರ್ಯಾದೆಯಿಂದ ಕೇಳಿದಳು: "ಬೇಜಾರ್ ಮಾಡ್ಕೋಬೇಡಿ ಅಮ್ಮ. ಚೆನ್ನಾಗಿದೆ ಅಂತ ಹೇಳಕ್ಕೆ ಇವರು ನಿಮಗೆ ಏನು ಕೊಟ್ರು?"

ಆ ತಾಯಿಯ ಮುಖ ಹೇಗಾಯಿತು ಎಂದು ಬರೆಯಲು ನನ್ನಿಂದಾಗುವುದಿಲ್ಲ. ಏನೂ ಹೇಳದೆ ಮಗಳ ಕೈಹಿಡಿದು ಮೆಟ್ಟಿಲಿಳಿದಳು. ಭಾವ ಅವರ ಹಿಂದೆಯೇ ಓಡಿದರು, ಅವರು ನಿಲ್ಲಲಿಲ್ಲ.

ಅಕ್ಕ ಯಂತ್ರದ ಮುಂದೆ ಕೂತು ಸೂಜಿಗೆ ನೂಲು ಪೋಣಿಸಿದಳು.

"ನೋಡಿದ್ಯಾ" ಎಂದಳು ನನಗೆ, "ಉತ್ತರಾನೇ ಹೇಳಲಿಲ್ಲ."